ದೊಡ್ಡ ಅಪ್‌ಡೇಟಿನ ತಾರೀಕು ನಾವೇ ಗೊತ್ತುಮಾಡೋಣ: ಕಾಸರಗೋಡಿನ ಕಚೇರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ, ಪಂಚಾಯತ್ ಕಾರ್ಯದರ್ಶಿಗಳಿಗೆ, ಸಹಕಾರಿ ಸಂಘಗಳ ಆಡಳಿತ ಮಂಡಳಿಯವರಿಗೆ, ಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಂಗಡಿಯವರಿಗೆ,

ನಮಸ್ಕಾರ.

ಕೇಳುವುದು ಒಂದೇ. ನಿಮ್ಮ ಕಚೇರಿಯ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ಮಿನ (ಕಂಪ್ಯೂಟರನ್ನು ನಡೆಸುವ ವಿಂಡೋಸಿನಂಥದ್ದರ) ದೊಡ್ಡ ಅಪ್‌ಡೇಟ್ ಯಾವ ದಿನ ಹಾಕುವುದು ಅಂತ ನೀವೇ ಒಂದು ತಾರೀಕು ಗೊತ್ತುಮಾಡಿ. ಅದನ್ನು ಜನರಿಗೆ ಕಾಣುವ ಹಾಗೆ ಬರೆದು ಹಾಕಿ. ಆ ದಿನ ತಪ್ಪದೆ ಹಾಕಿ. ಇದಕ್ಕೆ ಟೆಂಡರ್ ಬೇಡ, ಸಮಿತಿ ಬೇಡ, ಹೊಸ ಯೋಜನೆಯಂತೂ ಬೇಡವೇ ಬೇಡ.

ನಾನು ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವವನು. ನನಗೆ ಜಾಸ್ತಿ ಫೋನ್ ಬರುವುದು ಕಂಪ್ಯೂಟರ್ ಕೆಟ್ಟಾಗ ಅಲ್ಲ, ಅದು ತನ್ನಷ್ಟಕ್ಕೆ ಬದಲಾದಾಗ. "ನಿನ್ನೆ ಸಂಜೆ ಸರಿ ಇತ್ತು ಮಾರಾಯ್ರೇ, ಬೆಳಿಗ್ಗೆ ನೋಡಿದರೆ ಎಲ್ಲ ಬೇರೆ ಥರ" ಅಂತ ಶುರುವಾಗುವ ಫೋನು. ಹೋಗಿ ನೋಡಿದರೆ ಹೆಚ್ಚಿನ ಸಲ ಸಿಗುವುದು, ರಾತ್ರಿ ಯಾರೂ ಇಲ್ಲದಾಗ ಇಳಿದು ಕೂತ ಹೊಸ ಆವೃತ್ತಿ.

ಒಂದು ಕಡೆ ಏನಾಯಿತು ಅಂತ ಹೇಳುತ್ತೇನೆ. ಊರಿನ ಹೆಸರು, ಸಂಘದ ಹೆಸರು ಬೇಡ. ಸದಸ್ಯರಲ್ಲಿ ಅಡಿಕೆ ಬೆಳೆಗಾರರೇ ಹೆಚ್ಚಿರುವ ಒಂದು ಸಹಕಾರಿ ಸಂಘ. ನಾನು ಹೋದಾಗ ಬೆಂಚು ತುಂಬ ಜನ. ಕೌಂಟರಿನಲ್ಲಿದ್ದವರು ಪಾಸ್‌ಬುಕ್ಕುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಬಾಲ್‌ಪೆನ್ನಿನಲ್ಲಿ ಎಂಟ್ರಿ ಬರೆಯುತ್ತಿದ್ದರು. ಪಕ್ಕದಲ್ಲಿ ಪಾಸ್‌ಬುಕ್ ಪ್ರಿಂಟರ್ ಹಸಿರು ದೀಪ ಉರಿಸಿಕೊಂಡು ಸುಮ್ನೆ ಕೂತಿತ್ತು. ಪ್ರಿಂಟರಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರಿಗೆ ಅದರ ಗುರುತು ಮರೆತುಹೋಗಿತ್ತು, ಅಷ್ಟೇ. ಪ್ರಿಂಟರನ್ನು ನಡೆಸುವ ಹಳೇ ಪ್ರೋಗ್ರಾಂ, ಅಂದರೆ ಡ್ರೈವರ್, ಹೊಸ ಆವೃತ್ತಿಗೆ ಹೊಂದುತ್ತಿರಲಿಲ್ಲ. ಒಬ್ಬರು ಅಜ್ಜ ತಮ್ಮ ಪಾಸ್‌ಬುಕ್ಕನ್ನು ಕಣ್ಣಿನ ಹತ್ತಿರ ಹಿಡಿದು, "ಪೆನ್ನಿನಲ್ಲಿ ಬರೆದದ್ದು ನಾಳೆ ನಡೀತದಾ?" ಅಂತ ಕೇಳಿದರು. ಕೌಂಟರಿನವರು ಪ್ರತಿ ಸಾಲಿನ ಪಕ್ಕ ಸಹಿ ಹಾಕಿ ಸೀಲು ಒತ್ತಿಕೊಟ್ಟರು.

ಅದೇ ದಿನ ಮಹಾಸಭೆಯ ನೋಟಿಸನ್ನೂ ಕಳಿಸಬೇಕಿತ್ತು. ಕನ್ನಡದ ನೋಟಿಸು, ವರ್ಷವರ್ಷ ಅದೇ ಫೈಲು, ತಾರೀಕು ಮಾತ್ರ ಬದಲಿಸುವುದು. ತೆರೆದರೆ ಎರಡು ಪುಟದ್ದು ಮೂರು ಪುಟವಾಗಿದೆ. ಅಕ್ಷರದ ಆಕಾರ ಬೇರೆ, ಲೆಕ್ಕದ ಕೋಷ್ಟಕ ಚೆಲ್ಲಾಪಿಲ್ಲಿ. ಎಲ್ಲರೂ ವೈರಸ್ ಅಂತ ಗಾಬರಿಯಾಗಿದ್ದರು. ವೈರಸ್ ಅಲ್ಲ. ಹಿಂದಿನವರು ಆ ಫೈಲನ್ನು 'ತುಂಗಾ' ಫಾಂಟಿನಲ್ಲಿ ಮಾಡಿಟ್ಟಿದ್ದರು. ಮೊದಲು ವಿಂಡೋಸಿನ ಜೊತೆಗೇ ಬರುತ್ತಿದ್ದ ಫಾಂಟು ಅದು. ವಿಂಡೋಸ್ 10ರಿಂದ ಅದನ್ನು ಬೇಕಿದ್ದವರು ಮಾತ್ರ ಹಾಕಿಕೊಳ್ಳುವ ಭಾಗಕ್ಕೆ ಸೇರಿಸಿದ್ದಾರೆ. ಕನ್ನಡವನ್ನು ಭಾಷೆಯಾಗಿ ಸೇರಿಸಿದ ಮೆಷೀನಿನಲ್ಲಿ ತಾನೇ ಬರುತ್ತದೆ. ಸೇರಿಸದಿದ್ದರೆ ಅಲ್ಲಿ 'ನಿರ್ಮಲಾ' ಅನ್ನುವ ಬೇರೆ ಫಾಂಟು ಕಾಣಿಸುತ್ತದೆ, ಸಾಲುಗಳೆಲ್ಲ ಅತ್ತಿತ್ತ ಆಗುತ್ತವೆ.

ಈಗ ನೋಡಿ, ನಮ್ಮ ಕಷ್ಟ ಇರುವುದು ಇಲ್ಲೇ. ಮಂಗಳೂರಿನ ಕಚೇರಿಯಲ್ಲಿ ಯಾರೋ ಒಬ್ಬರು ಕನ್ನಡವನ್ನು ಸೇರಿಸಿಯೇ ಇರುತ್ತಾರೆ. ನಮ್ಮಲ್ಲಿ ಮೆಷೀನು ಸಿದ್ಧ ಮಾಡಿಕೊಡುವವರು ಇಂಗ್ಲಿಷ್ ಹಾಕುತ್ತಾರೆ, ಮಲಯಾಳ ಹಾಕುತ್ತಾರೆ, ಎರಡೂ ಸರಿಯಾಗಿ ಕಾಣುತ್ತದಾ ಅಂತ ನೋಡಿ ಹೋಗುತ್ತಾರೆ. ಅವರ ತಪ್ಪು ಅಂತ ಹೇಳಲಾರೆ, ಅವರಿಗೆ ಓದಲು ಬರುವುದೇ ಅಷ್ಟು. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಯಿದೆ ಇದ್ದು, ಉತ್ತರ ಟೈಪ್ ಮಾಡುವ ಮೆಷೀನಿನಲ್ಲಿ ಕನ್ನಡ ಇಲ್ಲದಿದ್ದರೆ ಎಂತ ಮಾಡುವುದು? ದೊಡ್ಡ ಅಪ್‌ಡೇಟ್ ಆದ ಮೇಲೆ ಕನ್ನಡ ಸರಿ ಇದೆಯಾ ಅಂತ ನೋಡುವವರು ಈ ಜಿಲ್ಲೆಯಲ್ಲಿ ನಾವೇ. ರಾತ್ರಿ ತಾನಾಗಿ ಆಗಿಹೋದರೆ ಆ ನೋಡುವ ಕೆಲಸ ಯಾರದ್ದೂ ಅಲ್ಲದ ಹಾಗೆ ಆಗುತ್ತದೆ. ತಾರೀಕು ಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಅಪ್‌ಡೇಟ್ ಅಂದರೆ ಎಲ್ಲವೂ ಒಂದೇ ಅಲ್ಲ. ವಿಂಡೋಸಿನಲ್ಲಿ ತಿಂಗಳಿಗೊಮ್ಮೆ ಬರುವ ಭದ್ರತೆಯ ಅಪ್‌ಡೇಟ್ ಇದೆ. ಅಮೆರಿಕದಲ್ಲಿ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಬಿಡುತ್ತಾರೆ, ಆಗ ನಮಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ಹಾಗಾಗಿ ಅದರ ಬಿಸಿ ನಮಗೆ ತಟ್ಟುವುದು ಬುಧವಾರದ ನಂತರ. ಇನ್ನೊಂದು ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ. 22ಎಚ್2, 23ಎಚ್2, 24ಎಚ್2 ಅಂತ ಅದಕ್ಕೆ ಹೆಸರು. ಮೊದಲನೆಯದು ಒಡೆದ ಹಂಚು ಬದಲಿಸಿದ ಹಾಗೆ, ಮಳೆಗಾಲದಲ್ಲೂ ಮಾಡಲೇಬೇಕು. ಎರಡನೆಯದು ಮನೆಯ ಇಡೀ ಮಾಡು (ಚಾವಣಿ) ಬಿಚ್ಚಿ ಹೊಸದಾಗಿ ಹೊದೆಸುವ ಕೆಲಸ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಯಾರಾದರೂ ಮಾಡು ಬಿಚ್ಚುತ್ತಾರಾ?

ನಾನು ಮುಂದೂಡಿ ಅನ್ನುತ್ತಿರುವುದು ಈ ಎರಡನೆಯದನ್ನು ಮಾತ್ರ. ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ. ಯಾಕೆಂದರೆ ಇಷ್ಟು ಹೇಳಿದ ಕೂಡಲೇ ಕೆಲವರು "ಹಾಗಾದರೆ ಅಪ್‌ಡೇಟ್ ಪೂರಾ ಬಂದ್ ಮಾಡಿಕೊಡಿ" ಅನ್ನುತ್ತಾರೆ. ಹಾಗೆ ಬಂದ್ ಮಾಡಿಕೊಡುವ ಹುಡುಗರೂ ಇದ್ದಾರೆ. ಇಂಟರ್‌ನೆಟ್ಟಿನಿಂದ ಎಲ್ಲಿಯದೋ ಒಂದು ಪುಟ್ಟ ಪ್ರೋಗ್ರಾಂ ತಂದು ಹಾಕಿ, ಅಪ್‌ಡೇಟ್ ಸೇವೆಯನ್ನೇ ನಿಲ್ಲಿಸಿ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಈಗಿನ ವಿಂಡೋಸಿನಲ್ಲಿ, ನಿಲ್ಲಿಸಿದ ಅಪ್‌ಡೇಟ್ ಸೇವೆಯನ್ನು ಮತ್ತೆ ಎಬ್ಬಿಸುವುದಕ್ಕೆಂದೇ ಇನ್ನೊಂದು ಸೇವೆ ಇದೆ. ಹಾಗಾಗಿ ಬಂದ್ ಮಾಡಿದ್ದು ಎಷ್ಟೋ ಸಲ ಬಂದ್ ಆಗಿಯೇ ಇರುವುದಿಲ್ಲ. ಬಂದ್ ಆದರೆ ಅದು ಇನ್ನೂ ಕೆಟ್ಟದು.

2017ರ ಮೇ ತಿಂಗಳು ನೆನಪಿದೆಯಾ? ವಾನ್ನಾಕ್ರೈ ಅಂತ ಒಂದು ಕಾಟ ಬಂದಿತ್ತು. ಫೈಲುಗಳಿಗೆಲ್ಲ ಬೀಗ ಹಾಕಿ, ಬಿಟ್‌ಕಾಯಿನಿನಲ್ಲಿ ದುಡ್ಡು ಕೇಳುತ್ತಿತ್ತು. ಮೇ 12ರಂದು ಜಗತ್ತಿನಾದ್ಯಂತ ಹರಡಿತು. ನಮ್ಮ ಕೇರಳದಲ್ಲಿ ವಯನಾಡಿನ ತರಿಯೋಡ್ ಪಂಚಾಯತ್ ಕಚೇರಿಯ ಕಂಪ್ಯೂಟರುಗಳಿಗೂ ಬಂತು. ಅಷ್ಟು ದೂರದ ಒಂದು ಗುಡ್ಡಗಾಡಿನ ಪಂಚಾಯತಿಗೆ! ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಟ್ಟಿತ್ತು. ಹೆಚ್ಚುಕಡಿಮೆ ಎರಡು ತಿಂಗಳು ಸಮಯ ಇತ್ತು. ತಿಂಗಳ ಅಪ್‌ಡೇಟನ್ನು ತಡೆಯಬೇಡಿ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನ್ನ ಬಳಿ ಇಲ್ಲ.

ಹಾಗಂತ ದೊಡ್ಡ ಆವೃತ್ತಿ ಬಂದ ದಿನವೇ ಹಾಕಿಕೊಳ್ಳುವುದೂ ಜಾಣತನ ಅಲ್ಲ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ ಬಂತು. ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳೇ ಅಳಿಸಿಹೋದವು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ಸರಿಮಾಡಿ, ನವೆಂಬರ್ 13ರಂದು ಮತ್ತೆ ಬಿಟ್ಟರು. ಒಂದೂವರೆ ತಿಂಗಳು ಕಾದವರಿಗೆ ಏನೂ ಆಗಲಿಲ್ಲ. ಅದಕ್ಕೂ ಮೊದಲು, ಕೇಳದೆ ಬಂದ ವಿಂಡೋಸ್ 10ರಿಂದ ತನ್ನ ಕೆಲಸ ಕೆಟ್ಟಿತು ಅಂತ ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಒಬ್ಬ ಹೆಂಗಸು ಕೋರ್ಟಿಗೆ ಹೋಗಿದ್ದರು. 10,000 ಡಾಲರ್ ಪಡೆದರು. ಕಂಪೆನಿ 2016ರಲ್ಲಿ ಮೇಲ್ಮನವಿಯನ್ನು ಕೈಬಿಟ್ಟಿತು. ನಮ್ಮ ಸಂಘದ ಅಜ್ಜ ಎಲ್ಲಿಯ ಕೋರ್ಟಿಗೆ ಹೋಗಬೇಕು, ಹೇಳಿ.

ಸರಿ, ತಾರೀಕು ಯಾವುದು? ನಮ್ಮ ಜಿಲ್ಲೆಯ ಕ್ಯಾಲೆಂಡರ್ ಹಿಡಿದು ನೋಡೋಣ. ವಿಂಡೋಸಿನ ಹೊಸ ಆವೃತ್ತಿ ಸಾಧಾರಣವಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಫೆಬ್ರವರಿ, ಮಾರ್ಚ್ ಅಂತೂ ಮುಟ್ಟಲೇ ಬಾರದು: ಪಂಚಾಯತಿಗೆ ಯೋಜನೆಯ ದುಡ್ಡು ಖರ್ಚು ಮಾಡುವ ಗಡಿಬಿಡಿ, ಸಂಘಕ್ಕೆ ಲೆಕ್ಕ ಮುಗಿಸುವ ಗಡಿಬಿಡಿ, ಶಾಲೆಗೆ ಎಸ್ಸೆಸ್ಸೆಲ್ಸಿ. ಜೂನ್ ಅಂದರೆ ಮಳೆ, ಶಾಲಾರಂಭ, ಕರೆಂಟು ಹೋಗಿ ಬಂದು ಮಾಡುವುದು. ಪ್ಲಸ್ ವನ್ (ಹನ್ನೊಂದನೇ ತರಗತಿ) ಅರ್ಜಿಯ ಹೊತ್ತಿನಲ್ಲಿ ಅರ್ಜಿ ಅಂಗಡಿಗಳ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ಜೊತೆಗೆ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಮಂಗಳೂರಿನ ಕಾಲೇಜುಗಳಿಗೂ ಅರ್ಜಿ ಹಾಕುತ್ತಾರೆ. ಎರಡು ರಾಜ್ಯಗಳ ಕೊನೇ ದಿನಾಂಕ ಒಂದೇ ಅಂಗಡಿಯ ಒಂದೇ ಕಂಪ್ಯೂಟರಿನ ಮೇಲೆ ಬಿದ್ದಿರುತ್ತದೆ.

ಉಳಿಯುವುದು ಬೇಸಿಗೆ ರಜೆ. ಏಪ್ರಿಲ್ ಮಧ್ಯದಲ್ಲಿ ವಿಷು ಮುಗಿದ ಮೇಲೆ ಮೇ ಮಧ್ಯದವರೆಗೆ. ಸರ್ಕಾರಿ ಕಚೇರಿಗಳಿಗೆ ಮೇ ತಿಂಗಳ ಎರಡನೇ ಶನಿವಾರ ನನ್ನ ಸಲಹೆ, ಹೇಗೂ ರಜೆ. ಸಂಘಗಳು, ಅಂಗಡಿಗಳು ತಮ್ಮ ವಾರದ ರಜೆ ನೋಡಿಕೊಳ್ಳಲಿ. ಅಕ್ಟೋಬರಿನಲ್ಲಿ ಬಂದದ್ದಕ್ಕೆ ಆಗ ಆರೇಳು ತಿಂಗಳಾಗಿರುತ್ತದೆ, ಹುಳುಕು ಏನಿದ್ದರೂ ಹೊರಗೆ ಬಂದಿರುತ್ತದೆ. ಕಾದದ್ದರಿಂದ ನಷ್ಟವೂ ಇಲ್ಲ: ವಿಂಡೋಸ್ 11ರಲ್ಲಿ ಮನೆಗೆ ಹೋಮ್, ಕಚೇರಿಗೆ ಪ್ರೊ ಅಂತ ಬಗೆಗಳಿವೆ, ಎರಡರಲ್ಲೂ ಪ್ರತಿ ಆವೃತ್ತಿಗೆ 24 ತಿಂಗಳು ಭದ್ರತೆಯ ಅಪ್‌ಡೇಟ್ ಸಿಗುತ್ತದೆ. ಬೆಳಿಗ್ಗೆಯೇ ಶುರುಮಾಡಿ. ಮೇ ತಿಂಗಳ ಸಂಜೆಯ ಗುಡುಗು ಸಿಡಿಲು ನಿಮಗೆ ಹೇಳಿಕೊಡಬೇಕಾಗಿಲ್ಲ. ಅರ್ಧ ಅಪ್‌ಡೇಟ್ ಆಗಿರುವಾಗ ಕರೆಂಟು ಹೋದರೆ ನನಗೆ ಸಂಪಾದನೆ, ನಿಮಗೆ ತಲೆನೋವು.

ಇನ್ನು, ಅಲ್ಲಿಯವರೆಗೆ ತಡೆಯುವುದು ಹೇಗೆ? ಇಲ್ಲಿ ಕೊಳ್ಳುವಾಗಲೇ ಆಗುವ ಒಂದು ಎಡವಟ್ಟು ಇದೆ. ಕಡಿಮೆ ದರ ನೋಡಿ ಕಚೇರಿಗೆ ಹೋಮ್ ಬಗೆಯ ವಿಂಡೋಸ್ ಇರುವ ಲ್ಯಾಪ್‌ಟಾಪ್ ತರುತ್ತಾರೆ. ಹೋಮ್‌ನಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ಐದು ವಾರದವರೆಗೆ ತಡೆಹಿಡಿಯಬಹುದು. ಅದು ಮುಗಿದ ಮೇಲೆ, ಬಂದದ್ದನ್ನು ಹಾಕಿಕೊಂಡೇ ಮತ್ತೆ ತಡೆಯಬೇಕು. ಅದೂ ಎರಡನ್ನೂ ಒಟ್ಟಿಗೇ ತಡೆಯುತ್ತದೆ, ಭದ್ರತೆಯದ್ದನ್ನೂ ಸೇರಿಸಿ. ಹೊಸ ಆವೃತ್ತಿಯನ್ನು ಮೊದಮೊದಲು 'ಡೌನ್‌ಲೋಡ್ ಮತ್ತು ಇನ್‌ಸ್ಟಾಲ್' ಅಂತ ಬೇರೆಯಾಗಿ ತೋರಿಸುತ್ತದೆ. ಅದನ್ನು ಒತ್ತದಿದ್ದರೆ ಕೆಲ ಕಾಲ ಸುಮ್ನಿರುತ್ತದೆ. ಇರುವ ಆವೃತ್ತಿಯ ಅವಧಿ ಮುಗಿಯುತ್ತಾ ಬಂದಾಗ ಮಾತ್ರ ಕೇಳದೆ ಇಳಿಯುತ್ತದೆ.

ಪ್ರೊ ಆದರೆ ಆಟವೇ ಬೇರೆ. ಗ್ರೂಪ್ ಪಾಲಿಸಿ ಅಂತ ಒಂದು ಜಾಗ ಇದೆ. ಅಲ್ಲಿ ವಿಂಡೋಸ್ ಅಪ್‌ಡೇಟ್‌ನ ಕೆಳಗೆ 'ಟಾರ್ಗೆಟ್ ಫೀಚರ್ ಅಪ್‌ಡೇಟ್ ವರ್ಷನ್' ಅನ್ನುವ ಸಾಲಿನಲ್ಲಿ ವಿಂಡೋಸ್ 11 ಅಂತಲೂ, ಈಗ ಇರುವ ಆವೃತ್ತಿ, ಉದಾಹರಣೆಗೆ 24ಎಚ್2 ಅಂತಲೂ ಬರೆದಿಟ್ಟರೆ ಮೆಷೀನು ಅಲ್ಲೇ ನಿಲ್ಲುತ್ತದೆ. ತಿಂಗಳ ಭದ್ರತೆಯದ್ದು ಮಾತ್ರ ಬರುತ್ತಾ ಇರುತ್ತದೆ. ನಮಗೆ ಬೇಕಾದದ್ದು ಸರಿಯಾಗಿ ಇದೇ ಅಲ್ವಾ? ಇಷ್ಟೆಲ್ಲ ಬೇಡ ಅಂದರೆ, ದೊಡ್ಡ ಅಪ್‌ಡೇಟನ್ನು 365 ದಿನದವರೆಗೆ ಮುಂದೂಡುವ ಸಾಲೂ ಅಲ್ಲಿಯೇ ಇದೆ. ಮೇ ತಿಂಗಳಲ್ಲಿ ಬಂದು ಆ ಬರಹವನ್ನು ಹೊಸ ಆವೃತ್ತಿಗೆ ಬದಲಿಸಿದರೆ ಆಯಿತು. ಜಿಲ್ಲಾಧಿಕಾರಿಯವರಲ್ಲಿ ಒಂದು ವಿನಂತಿ: ಸಾರ್ವಜನಿಕ ಕೆಲಸಕ್ಕೆ ವಿಂಡೋಸ್ ಮೆಷೀನು ಕೊಳ್ಳುವುದಾದರೆ ಪ್ರೊ ಬಗೆಯದ್ದೇ ಆಗಲಿ ಅಂತ ಒಂದು ಸಾಲು ಸುತ್ತೋಲೆಯಲ್ಲಿ ಸೇರಿಸಿ.

ಅರ್ಜಿ ಅಂಗಡಿಯವರಿಗೆ ಇನ್ನೊಂದು ಮಾತು. 'ಆಕ್ಟಿವ್ ಅವರ್ಸ್' ಅಂತ ಒಂದು ಸೆಟ್ಟಿಂಗ್ ಇದೆ, ಆ ಹೊತ್ತಿನಲ್ಲಿ ಮೆಷೀನು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಹಲವು ಕಡೆ ಅದು ಬೆಳಿಗ್ಗೆ 8ರಿಂದ ಸಂಜೆ 5 ಅಂತ ಇರುತ್ತದೆ. ನಿಮ್ಮಲ್ಲಿ ಜನ ತುಂಬುವುದೇ ಶಾಲೆ ಬಿಟ್ಟು, ಕೆಲಸ ಬಿಟ್ಟು, ಐದರ ಮೇಲೆ. ಅದನ್ನು 18 ಗಂಟೆಯವರೆಗೆ ಹಿಗ್ಗಿಸಬಹುದು. ಬೆಳಿಗ್ಗೆ 6ರಿಂದ ರಾತ್ರಿ 12 ಅಂತ ಇಟ್ಟುಬಿಡಿ. ಇವತ್ತೇ ಮಾಡಿ, ಎರಡು ನಿಮಿಷದ ಕೆಲಸ.

ಶಾಲೆಗಳ ಲ್ಯಾಬುಗಳಿಗೆ ನನ್ನ ಬುದ್ಧಿವಾದ ಬೇಕಾಗಿಲ್ಲ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ನಡೆಯುತ್ತಿರುವುದು ವಿಂಡೋಸ್ ಅಲ್ಲ, ಶಾಲೆಗಳ ಐಟಿ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ 'ಕೈಟ್' ಕೊಡುವ, ಉಬುಂಟುವಿನ ಮೇಲೆ ಕಟ್ಟಿದ ಗ್ನು/ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಬಾಳುತ್ತದೆ. ಸಣ್ಣ ಭದ್ರತೆಯದ್ದು ತಾನೇ ಬರುತ್ತದೆ. ಆದರೆ 20.04 ಆವೃತ್ತಿ ಇದ್ದದ್ದು ರಾತ್ರೋರಾತ್ರಿ 22.04 ಆಗುವುದಿಲ್ಲ. ಕೇಳುತ್ತದೆ, ಯಾರೋ ಒಬ್ಬರು ಹೂಂ ಅನ್ನಬೇಕು. ಕೇಳುವುದೂ ಬೇಡ ಅಂತ ಸೆಟ್ಟಿಂಗಿನಲ್ಲೇ ಹೇಳಬಹುದು. ಐಟಿ ನೋಡಿಕೊಳ್ಳುವ ಟೀಚರುಗಳಿಗೆ ಹೊಸದು ಯಾವಾಗ ಹಾಕುವುದು ಅಂತ ಮೇಲಿನಿಂದ ತಿಳಿಯುತ್ತದೆ, ಅವರು ಕೂತು ಹಾಕುತ್ತಾರೆ. ಕ್ರಮ ಅಂದರೆ ಹೀಗೆ. ತಮಾಷೆ ಏನೆಂದರೆ, ಅದೇ ಶಾಲೆಯ ಆಫೀಸು ರೂಮಿನಲ್ಲಿ ಯಾರೋ ದಾನ ಕೊಟ್ಟ ಒಂದು ವಿಂಡೋಸ್ ಲ್ಯಾಪ್‌ಟಾಪ್ ಇರುತ್ತದೆ, ಅದಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ.

ವಿಂಡೋಸ್ 10 ಮೆಷೀನುಗಳ ವಿಷಯ ಸ್ವಲ್ಪ ಬೇರೆ. ಅದಕ್ಕೆ ಅಪ್‌ಡೇಟ್ ಕೊಡುವ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯದ್ದು ಸಿಗುತ್ತದೆ. ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇಲ್ಲದ ಹಳೇ ಮೆಷೀನು ವಿಂಡೋಸ್ 11ಕ್ಕೆ ಅಧಿಕೃತವಾಗಿ ಹೋಗುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕುವ ಮೊದಲು ಅದಕ್ಕೆ ಲಿನಕ್ಸ್ ಹಾಕಬಹುದಾ ಅಂತ ಪಕ್ಕದ ಶಾಲೆಯ ಟೀಚರನ್ನು ಒಂದು ಮಾತು ಕೇಳಿ. ಲಿನಕ್ಸಿನಲ್ಲಿ 'ಕಗಪ' ಅನ್ನುವ ಕನ್ನಡ ಕೀಲಿಮಣೆಯೂ ಇದೆ, 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರ ಬೆರಳು ತಡವರಿಸುವುದಿಲ್ಲ.

ಗೊತ್ತುಮಾಡಿದ ದಿನ ಮಾಡಬೇಕಾದ ಕೆಲಸ ಜಾಸ್ತಿ ಏನಿಲ್ಲ. ಮುಖ್ಯವಾದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಿ. ಐದು ಕಂಪ್ಯೂಟರ್ ಇದ್ದರೆ ಮೊದಲು ಒಂದಕ್ಕೆ ಮಾತ್ರ ಹಾಕಿ, ಒಂದು ವಾರ ಅದರಲ್ಲೇ ಕೆಲಸ ಮಾಡಿ. ಸರಿ ಬರದಿದ್ದರೆ ಹಿಂದಕ್ಕೆ ಹೋಗಲು ವಿಂಡೋಸ್ ಹತ್ತು ದಿನ ಸಮಯ ಕೊಡುತ್ತದೆ. ಆಮೇಲೆ ಹಳೆಯದನ್ನು ಅದೇ ಅಳಿಸಿಹಾಕುತ್ತದೆ. ಹಾಗಾಗಿ ಹಾಕಿದ ಮರುದಿನ ಯಾರೂ ಊರಿಗೆ ಹೋಗುವಂತಿಲ್ಲ. ಪಾಸ್‌ಬುಕ್ ಪ್ರಿಂಟರು, ಬೆರಳಿನ ಗುರುತು ತೆಗೆಯುವ ಮೆಷೀನು, ಸ್ಕ್ಯಾನರು, ಒಂದೊಂದನ್ನೂ ನಿಜವಾಗಿ ಕೆಲಸ ಮಾಡಿಸಿ ನೋಡಿ, ದೀಪ ಉರಿಯುತ್ತದೆ ಅಂತ ಬಿಡಬೇಡಿ.

ಆಮೇಲೆ ಕನ್ನಡ ಓದಲು ಬರುವ ಒಬ್ಬರನ್ನು ಕೂರಿಸಿ. ಹಳೆಯ ಒಂದು ಕನ್ನಡ ಕಡತ ತೆರೆಯಲಿ. 'ಕ್ಷ', 'ಜ್ಞ', 'ರ್ಕ', 'ಸ್ತ್ರೀ' ಇರುವ ನಾಲ್ಕು ಸಾಲು ಟೈಪ್ ಮಾಡಲಿ. ಪ್ರಿಂಟ್ ತೆಗೆದು, ಕಾಗದದಲ್ಲಿ ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ನೋಡಲಿ. ತುಂಗಾ ಕಾಣೆಯಾಗಿದ್ದರೆ 'ಆಪ್ಷನಲ್ ಫೀಚರ್ಸ್'ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಹುಡುಕಿ ಹಾಕಿ. ಹೊಸ ಆವೃತ್ತಿಯಿಂದ ಒಳ್ಳೆಯದೂ ಆಗುತ್ತದೆ, ಅದನ್ನೂ ಹೇಳಬೇಕು. 2019ರ ಮೇ ತಿಂಗಳ ದೊಡ್ಡ ಅಪ್‌ಡೇಟಿನಲ್ಲೇ ವಿಂಡೋಸಿಗೆ ಕನ್ನಡದ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದ ಹಾಗೆ ಒತ್ತಿದರೆ ಕನ್ನಡ ಮೂಡುವಂಥದ್ದು) ಬಂದದ್ದು. ಅದು ಬಂದಿದೆ ಅನ್ನುವುದೇ ಗೊತ್ತಿಲ್ಲದೆ ಇಂದಿಗೂ ಹೊರಗಿನ ಪ್ರೋಗ್ರಾಂ ಹುಡುಕುವ ಕಚೇರಿಗಳನ್ನು ನೋಡಿದ್ದೇನೆ.

ಫಲಕದಲ್ಲಿ ಬರೆಯಲು ಇಷ್ಟು ಸಾಕು, ಕನ್ನಡದಲ್ಲೂ ಮಲಯಾಳದಲ್ಲೂ: "ಈ ಕಚೇರಿಯ ಕಂಪ್ಯೂಟರುಗಳಿಗೆ ಮೇ ತಿಂಗಳ ಎರಡನೇ ಶನಿವಾರ ಹೊಸ ಆವೃತ್ತಿ ಹಾಕಲು ಶುರುಮಾಡಲಾಗುವುದು. ಸೋಮವಾರ ಕೆಲಸ ಸ್ವಲ್ಪ ತಡವಾಗಬಹುದು. ತುರ್ತು ಕೆಲಸ ಇದ್ದವರು ಶುಕ್ರವಾರದೊಳಗೆ ಬನ್ನಿ." ಕೆಳಗೆ ಜವಾಬ್ದಾರಿ ಹೊತ್ತವರ ಹೆಸರು, ಫೋನ್ ನಂಬರು ಇರಲಿ.

ಇತಿ,
ಕುಂಬಳೆ ಸೀಮೆಯ ಒಬ್ಬ ಕಂಪ್ಯೂಟರ್ ರಿಪೇರಿಯವ